ತುಮಕೂರಿನ ಚಳಿಗಾಲದ ಹಕ್ಕಿಗಳು: ಹತ್ತು ಜನರನ್ನು ಕರೆದುಕೊಂಡು ಹೋಗುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸೊಗಡವರೆ ಮಾರುಕಟ್ಟೆಗೆ ಬರುವ ಹೊತ್ತಿಗೆ ನಮ್ಮ ಕೆರೆಗಳಿಗೆ ಬಾತುಗಳೂ ಬಂದಿರುತ್ತವೆ. ಸೈಬೀರಿಯಾದಿಂದ, ಮಧ್ಯ ಏಷ್ಯಾದಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗಳು ತುಮಕೂರಿನ ಯಾವುದೋ ಹಳ್ಳಿಯ ಕೆರೆಯಲ್ಲಿ, ಎಮ್ಮೆಗಳ ಪಕ್ಕದಲ್ಲಿ ತೇಲುತ್ತಿರುತ್ತವೆ. ಇದನ್ನು ಒಬ್ಬರೇ ನೋಡಿ ಸುಮ್ಮನಿರಲು ಆಗುವುದಿಲ್ಲ. ನೆಂಟರನ್ನು, ಶಾಲೆಯ ಮಕ್ಕಳನ್ನು, ಆಫೀಸಿನ ಗೆಳೆಯರನ್ನು ಕರೆದುಕೊಂಡು ಹೋಗಿ ತೋರಿಸಬೇಕು ಅನ್ನಿಸುತ್ತದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹಕ್ಕಿ ತೋರಿಸುವವರ ಕೆಲಸದಲ್ಲಿ ಮುಕ್ಕಾಲು ಪಾಲು ಹಿಂದಿನ ದಿನವೇ ಮುಗಿದಿರಬೇಕು. ಉಳಿದ ಕಾಲು ಪಾಲು, ಜನರನ್ನು ಒಂದು ಕಡೆ ಕೂರಿಸುವುದು. ಹಕ್ಕಿಗಳ ಹೆಸರು ಎಷ್ಟು ಗೊತ್ತಿದೆ ಅನ್ನುವುದು ಆಮೇಲಿನ ಮಾತು.

ಯಾವಾಗ ಹೋಗಬೇಕು

ಬಾಲ ಕುಣಿಸುವ ಸಿಪಿಲೆಗಳು ಸೆಪ್ಟೆಂಬರಿನಲ್ಲೇ ಬಂದುಬಿಡುತ್ತವೆ. ಬಾತುಗಳು ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಆದರೆ ಹೊಸಬರನ್ನು ಆಗಲೇ ಕರೆದುಕೊಂಡು ಹೋಗಬೇಡಿ. ಅಕ್ಟೋಬರಿನಲ್ಲಿ ಗಂಡು ಬಾತುಗಳೂ ಹೆಣ್ಣುಗಳ ಹಾಗೆಯೇ ಮಂಕು ಕಂದು ಬಣ್ಣದಲ್ಲಿರುತ್ತವೆ. ಮರಿ ಮಾಡಿ ಮುಗಿಸಿದ ಮೇಲೆ ಹಳೆಯ ಗರಿ ಉದುರಿ, ಬಣ್ಣದ ಗರಿ ಇನ್ನೂ ಬಂದಿರುವುದಿಲ್ಲ. ಪುಸ್ತಕದ ಚಿತ್ರ ಹಿಡಿದು ಬಂದವರಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ. ಡಿಸೆಂಬರ್ ಮಧ್ಯದ ಹೊತ್ತಿಗೆ ಸೂಜಿಬಾಲದ ಬಾತಿನ ಗಂಡಿಗೆ ಚಾಕೊಲೇಟ್ ಬಣ್ಣದ ತಲೆ, ಬಿಳಿ ಕೊರಳು ಮೂಡಿರುತ್ತದೆ. ಬಿಳಿಹುಬ್ಬಿನ ಬಾತು ಇನ್ನೂ ನಿಧಾನ. ಅದರ ಹುಬ್ಬು ಚೆನ್ನಾಗಿ ಕಾಣಬೇಕಾದರೆ ಫೆಬ್ರವರಿ ಬರಬೇಕು. ಹಾಗಾಗಿ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ನನ್ನನ್ನು ಕೇಳಿದರೆ ಜನವರಿ ಕೊನೆಯ ಎರಡು ವಾರ.

ಜನವರಿಗೆ ಇನ್ನೊಂದು ಕಾರಣವೂ ಇದೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಜಾಗತಿಕ ಎಣಿಕೆ ಇರುತ್ತದೆ. ನಮ್ಮ ದೇಶ ಅದನ್ನು ಸೇರಿಕೊಂಡಿದ್ದು 2013ರಲ್ಲಿ. ನಿಮ್ಮ ಗುಂಪು ನೋಡಿದ್ದು ಈ ಎಣಿಕೆಗಳಿಗೆ ಸೇರುತ್ತದೆ ಎಂದರೆ ಮಕ್ಕಳ ಮುಖವೇ ಅರಳುತ್ತದೆ.

ಯಾವ ಕೆರೆ

ತುಮಕೂರಿನ ಸುತ್ತ ಕೆರೆಗಳಿಗೆ ಬರವಿಲ್ಲ. ಊರೊಳಗೆ ಅಮಾನಿಕೆರೆ ಇದೆ. ಹೊರಗೆ ಮೈದಾಳ, ಬುಗುಡನಹಳ್ಳಿ, ಹೆಬ್ಬಾಕ, ಗೂಳೂರು. ಸ್ವಲ್ಪ ದೂರ ಹೋದರೆ ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಜಲಾಶಯ. ಹೆಸರು ನೋಡಿ ಕೆರೆ ಆರಿಸಬೇಡಿ. ನೀರು ನೋಡಿ ಆರಿಸಿ.

ಕೋಡಿ ಬಿದ್ದ ಕೆರೆ ಕಣ್ಣಿಗೆ ಹಬ್ಬ. ಆದರೆ ಹಕ್ಕಿಗೆ ಅಲ್ಲ. ಸೂಜಿಬಾಲ, ಬಿಳಿಹುಬ್ಬು, ಸಲಿಕೆಯಂಥ ಅಗಲ ಕೊಕ್ಕಿನ ಬಾತು, ಇವೆಲ್ಲ ಮೇಯುವುದು ಮೊಣಕಾಲುದ್ದದ ನೀರಿನಲ್ಲಿ. ಗದ್ದೆಗೊರವ, ಉಲ್ಲಂಕಿಯಂಥ ದಂಡೆಯ ಹಕ್ಕಿಗಳಿಗೆ ಒದ್ದೆ ಕೆಸರು ಬೇಕು. ಕೆರೆ ತುಂಬಿ ನೀರು ದಂಡೆಯ ಜಾಲಿ ಗಿಡಗಳಿಗೆ ಮುಟ್ಟಿದರೆ ಆಳವಿಲ್ಲದ ಅಂಚೇ ಉಳಿಯುವುದಿಲ್ಲ. ಅಂಥ ವರ್ಷ ಬಾತುಗಳು ದೊಡ್ಡ ಕೆರೆ ಬಿಟ್ಟು ಸಣ್ಣ ಕಟ್ಟೆಗಳಿಗೆ ಹಂಚಿಹೋಗುತ್ತವೆ. ಅರ್ಧ ತುಂಬಿ, ಹಿನ್ನೀರಿನ ಕಡೆ ಕೆಸರು ಬಿಟ್ಟುಕೊಂಡ ಕೆರೆ ಸಿಕ್ಕರೆ ಅದೇ ನಿಮ್ಮ ಕೆರೆ. ಆಳ ನೀರಿರುವ ಕಡೆ ನಾಮದ ಕೋಳಿ, ಗುಳುಮುಳುಕ, ನೀರುಕಾಗೆ ಹೇಗೂ ಇರುತ್ತವೆ.

ಹಿಂದಿನ ದಿನ

ಈ ಹಂತವನ್ನು ಬಿಡಲೇಬೇಡಿ. ಹಿಂದಿನ ದಿನ ಬೆಳಗ್ಗೆ, ನೀವು ಗುಂಪನ್ನು ಕರೆತರುವ ಅದೇ ಹೊತ್ತಿಗೆ, ಒಬ್ಬರೇ ಹೋಗಿ. ಸಂಜೆ ಹೋಗಿ ನೋಡಿ ಬಂದರೆ ಸಾಲದು. ಬೆಳಗಿನ ಹಕ್ಕಿ ಇರುವ ಜಾಗವೇ ಬೇರೆ, ಸಂಜೆಯದೇ ಬೇರೆ.

ಮೊದಲು ಸೂರ್ಯ ಎಲ್ಲಿ ಹುಟ್ಟುತ್ತಾನೆ ನೋಡಿ. ಬೆಳಗ್ಗೆ ಅವನು ನಿಮ್ಮ ಬೆನ್ನಿಗಿರಬೇಕು. ಅಂದರೆ ಕೆರೆಯ ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು. ಚಳಿಗಾಲದಲ್ಲಿ ಅವನು ತುಸು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎದುರು ಬಿಸಿಲಿಗೆ ನಿಂತರೆ ಎಲ್ಲ ಬಾತೂ ಕಪ್ಪು ಬೊಟ್ಟು, ಅಷ್ಟೇ. ಏರಿಯ ಯಾವ ಭಾಗ ಪೂರ್ವಕ್ಕೆ ಬರುತ್ತದೆ, ಅಲ್ಲಿ ಹತ್ತು ಜನ ಕೂರಲು ಜಾಗವಿದೆಯೇ, ಹಿಂದೆ ಮರವೋ ಪೊದೆಯೋ ಇದೆಯೇ, ಗುರುತು ಮಾಡಿಕೊಳ್ಳಿ. ಆಕಾಶಕ್ಕೆ ಎದ್ದು ಕಾಣುವಂತೆ ಏರಿಯ ನೆತ್ತಿಯ ಮೇಲೆ ಸಾಲಾಗಿ ನಿಂತರೆ ಹಕ್ಕಿಗಳು ದೂರ ಸರಿಯುತ್ತವೆ. ಏರಿಯ ಇಳಿಜಾರಿನಲ್ಲಿ, ಪೊದೆಯ ಮುಂದೆ ಕುಳಿತರೆ ನಿಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ.

ಆಮೇಲೆ ಮಾತಾಡಿಸಬೇಕಾದವರು ಇಬ್ಬರು. ಕೆರೆಯ ನೀರು ಬಿಡುವ ನೀರಗಂಟಿ ಅಥವಾ ಕುರಿ ಕಾಯುವವರು, ಮತ್ತು ಮೀನು ಹಿಡಿಯುವವರು. ಒಮ್ಮೆ ಒಂದು ಕೆರೆ ಅಂಗಳದಲ್ಲಿ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ, "ಯಜಮಾನ್ರೇ, ಬಾತುಕೋಳಿ ಯಾವ ಕಡೆ ಕೂರ್ತವೆ?" ಅವರು ಕೋಲು ಎತ್ತಿ ತೋರಿಸಿದರು. "ಒತ್ತಾರೆ ಇತ್ಲಾಗಿರ್ತವೆ ಸಾಮಿ, ಬಿಸ್ಲೇರಿದ್ ಮ್ಯಾಲೆ ಆ ತೂಬಿನ್ ಕಡೀಕ್ ಹೋಯ್ತವೆ. ಬಲೆ ಬಿಟ್ ದಿನ ಎರಡೂ ಕಡೆ ಇರಕ್ಕಿಲ್ಲ." ನಾನು ಮೂರು ಬೆಳಗ್ಗೆ ಕೂತು ಕಂಡುಕೊಳ್ಳಬೇಕಿದ್ದ ವಿಷಯ ಅದು. ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿ, ನಾಳೆ ಬಲೆ ಯಾವ ಕಡೆ, ತೆಪ್ಪ ಎಷ್ಟೊತ್ತಿಗೆ ಇಳಿಯುತ್ತದೆ ಎಂದು. ಅದು ಅವರ ಹೊಟ್ಟೆಪಾಡು, ನಮಗಾಗಿ ನಿಲ್ಲಿಸಿ ಎನ್ನಬೇಡಿ. ಅವರು ಉತ್ತರದ ಕಡೆ ಇಳಿದರೆ ನೀವು ದಕ್ಷಿಣದ ಕಡೆ ಕೂತುಕೊಳ್ಳಿ.

ಕೊನೆಯದಾಗಿ ಅಪಾಯದ ಜಾಗ. ನಮ್ಮ ಕೆರೆಗಳಲ್ಲಿ ಮಣ್ಣು, ಹೂಳು ತೆಗೆದ ಗುಂಡಿಗಳು ನೀರಿನಡಿ ಮುಚ್ಚಿಕೊಂಡಿರುತ್ತವೆ. ಮೊಣಕಾಲುದ್ದ ನೀರು ಅಂದುಕೊಂಡು ಇಟ್ಟ ಹೆಜ್ಜೆ ಎರಡಾಳುದ್ದಕ್ಕೆ ಇಳಿಯಬಹುದು. ಯಾರೂ, ಯಾವ ಫೋಟೋಗೂ, ನೀರಿಗೆ ಇಳಿಯಬಾರದು. ಮಕ್ಕಳ ತಾಯಿತಂದೆಗೆ ಇದನ್ನು ಮುಂಚೆಯೇ ಹೇಳಿ.

ಗುಂಪು ಮತ್ತು ಸಾಮಾನು

ಹತ್ತು ಜನಕ್ಕಿಂತ ಜಾಸ್ತಿ ಬೇಡ. ಎಂಟಾದರೆ ಇನ್ನೂ ಒಳ್ಳೆಯದು. ಮುಂದೆ ನೀವು, ಕೊನೆಯಲ್ಲಿ ನಿಮ್ಮಂತೆಯೇ ಹಕ್ಕಿ ಗೊತ್ತಿರುವ ಇನ್ನೊಬ್ಬರು. ಹಿಂದೆ ಉಳಿದವರಿಗೆ ಏನೂ ಕಾಣದೇ ಹೋಗುವುದು ಇಂಥ ಪ್ರವಾಸಗಳ ದೊಡ್ಡ ದೋಷ.

ಬಟ್ಟೆ ಮಣ್ಣಿನ ಬಣ್ಣದ್ದು, ಒಣಗಿದ ಹುಲ್ಲಿನ ಬಣ್ಣದ್ದು ಇರಲಿ. ಬೆಳಗ್ಗೆ ಆರಕ್ಕೆ ಏರಿಯ ಮೇಲೆ ಥಂಡಿ ಗಾಳಿ ಕಿವಿಗೆ ಹೊಡೆಯುತ್ತದೆ, ಒಂಬತ್ತೂವರೆಗೆ ಬಿಸಿಲು ಚುರುಗುಟ್ಟುತ್ತದೆ. ಆದ್ದರಿಂದ ಸ್ವೆಟರ್ರೂ ಬೇಕು, ಟೋಪಿಯೂ ಬೇಕು. ಕಾಲು ಮುಚ್ಚುವ ಶೂ, ಉದ್ದ ಪ್ಯಾಂಟು. ಕುರಿ ಮೇಯುವ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳು ಇರುತ್ತದೆ, ಜಾಲಿ ಮುಳ್ಳು ಚಪ್ಪಲಿಯನ್ನು ತೂರಿಕೊಂಡು ಬರುತ್ತದೆ.

ಬೈನಾಕ್ಯುಲರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರ ಅರ್ಧ ಬೇಸರ ಇಲ್ಲೇ ಹುಟ್ಟುತ್ತದೆ. 8x42 ಎಂದು ಬರೆದಿರುವುದು ಒಳ್ಳೆಯದು. 8 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಮಸುಕು ಬೆಳಕಿನಲ್ಲೂ ಸ್ಪಷ್ಟವಾಗಿ ಕಾಣುವುದು ಆ ಅಗಲದಿಂದ. ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಎಂದು ಆಸೆ ಹುಟ್ಟಿಸುವ ಸಾಮಾನು ಕೈಯಲ್ಲಿ ನಡುಗುತ್ತದೆ, ಬೇಡ. ಎಲ್ಲರ ಹತ್ತಿರ ಇರಬೇಕೆಂದಿಲ್ಲ. ಇಬ್ಬರಿಗೊಂದು ಇದ್ದರೆ ಸಾಕು. ದೂರದ ಬಾತಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಒಂದು ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕೊಳವೆಯ ದೂರದರ್ಶಕ, ಇದ್ದರೆ ಗುಂಪಿಗೆಲ್ಲ ಆಗುತ್ತದೆ. ಅದನ್ನು ಅತಿ ಗಿಡ್ಡ ಮಗುವಿನ ಎತ್ತರಕ್ಕೆ ನಿಲ್ಲಿಸಿ, ದೊಡ್ಡವರು ಬಗ್ಗಿ ನೋಡಲಿ.

ಹೊರಡುವ ಹಿಂದಿನ ಸಂಜೆ ಮನೆಯಂಗಳದಲ್ಲೇ ಹೀಗೆ ಅಭ್ಯಾಸ ಮಾಡಿಸಿ:

1. ಪಟ್ಟಿ ಬಿಗಿ ಮಾಡಿ. ಬೈನಾಕ್ಯುಲರ್ ಎದೆಯ ಮೇಲಿರಲಿ, ಹೊಟ್ಟೆಯ ಮೇಲೆ ತೂಗಾಡಬಾರದು.
2. ಕನ್ನಡಕ ಹಾಕುವವರು ಕಣ್ಣಿನ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಬೇಕು. ಉಳಿದವರು ಹೊರಗೆ ಎಳೆದಿಡಬೇಕು.
3. ಎರಡು ಕೊಳವೆಯನ್ನು ಮಡಚುತ್ತಾ ಬಿಡಿಸುತ್ತಾ, ಕಾಣುವ ಎರಡು ವೃತ್ತ ಒಂದಾಗುವ ಹಾಗೆ ಮಾಡಿ.
4. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎದುರಿನ ಕೊಂಬೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಹತ್ತಿರವಿರುವ ಸಣ್ಣ ಉಂಗುರವನ್ನು ಮಾತ್ರ ತಿರುಗಿಸಿ. ಇನ್ನು ಆ ಉಂಗುರ ಮುಟ್ಟಬೇಡಿ.
5. ಹಕ್ಕಿಯನ್ನು ಬರಿಗಣ್ಣಿನಲ್ಲಿ ಹಿಡಿಯಿರಿ. ಕಣ್ಣು ಕದಲಿಸದೆ ಬೈನಾಕ್ಯುಲರ್ ಅನ್ನು ಕಣ್ಣಿಗೆ ತನ್ನಿ. ಕೆಳಗೆ ನೋಡಿ, ಮತ್ತೆ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಐದನೆಯದನ್ನು ಹತ್ತು ಸಲ ಮಾಡಿಸಿ. ಎದುರು ಮನೆಯ ತಾರಸಿ ಮೇಲಿನ ಕಾಗೆ ಸಾಕು.

ಆ ಬೆಳಗ್ಗೆ

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.45ರ ಆಸುಪಾಸಿಗೆ. 6.15ಕ್ಕೆ ಏರಿಯ ಮೇಲಿರಬೇಕು ಎಂದರೆ ಊರು ಬಿಡುವುದು 5.30ಕ್ಕೆ. ಗಾಡಿಯನ್ನು ಏರಿಯ ಮೇಲೆ ತರಬೇಡಿ, ಅರ್ಧ ಕಿಲೋಮೀಟರ್ ಹಿಂದೆ ನಿಲ್ಲಿಸಿ. ಬಾಗಿಲನ್ನು ದಬಕ್ಕನೆ ಹಾಕದಂತೆ ಗಾಡಿ ಇಳಿಯುವ ಮುಂಚೆಯೇ ಹೇಳಿ. ಇಳಿದ ಮೇಲೆ ಹೇಳಿದರೆ ಅಷ್ಟರಲ್ಲಿ ಎರಡು ಬಾಗಿಲು ಬಡಿದಾಗಿರುತ್ತದೆ.

ಕೂತ ಮೇಲೆ ಮೊದಲ ಹದಿನೈದು ನಿಮಿಷ ಏನೂ ತೋರಿಸಬೇಡಿ. ಫ್ಲಾಸ್ಕಿನ ಕಾಫಿ ಕೊಡಿ. ಕಣ್ಣು ಕತ್ತಲಿಗೆ, ಕಿವಿ ಸದ್ದಿಗೆ ಹೊಂದಿಕೊಳ್ಳಲಿ. ಮಂಜಿನೊಳಗಿಂದ ಮೊದಲು ಬರುವುದು ದನಿ. ಶಿಳ್ಳೆ ಬಾತುಗಳ ಸೀಟಿ, ಜಂಬುಕೋಳಿಯ ಕೂಗು, ಎಲ್ಲೋ ಟಿಟ್ಟಿಭದ ಗಲಾಟೆ. ಬೆಳಕು ಬಂದಂತೆ ನೀರಿನ ಮೇಲಿನ ಕಪ್ಪು ಗೆರೆಗಳು ಒಂದೊಂದಾಗಿ ಹಕ್ಕಿಗಳಾಗುತ್ತವೆ.

ಆಗ ಒಂದೇ ಒಂದು ಹಕ್ಕಿ ಆರಿಸಿ. ನಾನು ಯಾವಾಗಲೂ ಸೂಜಿಬಾಲದಿಂದ ಶುರು ಮಾಡುತ್ತೇನೆ. ಗಂಡು ಸೂಜಿಬಾಲ ಮೇಯುವಾಗ ತಲೆಯನ್ನು ನೀರೊಳಗೆ ಹಾಕಿ ಹಿಂಭಾಗವನ್ನು ನೆಟ್ಟಗೆ ಮೇಲೆತ್ತುತ್ತದೆ. ಕಾಣುವುದು ಚೂಪು ಬಾಲ, ಅದರ ಬುಡದ ಕಪ್ಪು, ಎರಡು ಕಾಲು ನೀರನ್ನು ಒದೆಯುವುದು. ಮೂರ್ನಾಲ್ಕು ಸೆಕೆಂಡು ಹಾಗೇ ನಿಂತು, ಮತ್ತೆ ಮಲಗಿ, ಕೊರಳಿಂದ ನೀರು ಜಾರಿಸುತ್ತದೆ. ಕೆಸರು ಮೆತ್ತಿದ ಕೊಕ್ಕನ್ನು ಒಮ್ಮೆ ಅಲ್ಲಾಡಿಸುತ್ತದೆ. ಒಂದೇ ಬಾತು ಇದನ್ನು ಹತ್ತು ಸಲ ಮಾಡುವುದನ್ನು ಜನ ನೋಡಲಿ. ಉದ್ದ ಕೊರಳು ಯಾಕೆ, ಬೇರೆ ಬಾತಿಗೆ ಎಟುಕದ ತಳ ಇದಕ್ಕೆ ಹೇಗೆ ಎಟುಕುತ್ತದೆ ಎಂದು ಅವರೇ ಹೇಳುತ್ತಾರೆ. ಪಕ್ಕದಲ್ಲೇ ಅಗಲ ಕೊಕ್ಕಿನ ಬಾತು ನೀರಿನ ಮೇಲ್ಮೈಯನ್ನು ಸೋಸುತ್ತಾ ಹೋಗುತ್ತಿದ್ದರೆ, ಇಬ್ಬರಿಗೂ ಜಗಳ ಯಾಕಿಲ್ಲ ಎಂಬುದೂ ತಿಳಿಯುತ್ತದೆ.

ಹಕ್ಕಿ ಎಲ್ಲಿದೆ ಎಂದು ಹೇಳುವುದೂ ಕಲಿಯಬೇಕಾದ ವಿದ್ಯೆ. "ಅಲ್ಲಿ, ಅಲ್ಲಿ" ಎಂದು ಬೆರಳು ತೋರಿಸಿದರೆ ಯಾರಿಗೂ ತಿಳಿಯದು, ಕೈ ಬೀಸಿದ್ದಕ್ಕೆ ಹಕ್ಕಿಯೂ ಹಾರಬಹುದು. ಕದಲದ ವಸ್ತುವಿನಿಂದ ಶುರು ಮಾಡಿ. "ಆಚೆ ದಡದಲ್ಲಿ ಎರಡು ತಾಳೆಮರ, ಎಡಗಡೆ ಮರದ ನೇರ ಕೆಳಗೆ, ನೀರಿನಂಚಿನಲ್ಲಿ." ಮರದೊಳಗಿನ ಹಕ್ಕಿಯಾದರೆ ಮರವನ್ನು ಗಡಿಯಾರ ಅಂದುಕೊಳ್ಳಿ, "ಎರಡು ಗಂಟೆಯ ಕಡೆ, ಹೊರಗಿನ ಕೊಂಬೆ."

ಎಣಿಸುವುದಕ್ಕೆ ಮಕ್ಕಳನ್ನು ಬಿಡಿ. ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ನೋಡಿಕೊಂಡು, ಅಂಥ ತುಂಡು ಒಟ್ಟು ಎಷ್ಟಿವೆ ಎಂದು ಲೆಕ್ಕ ಹಾಕುವುದು. ಒಬ್ಬರು ಫೋನಿನಲ್ಲಿ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪಿನಲ್ಲಿ, ಪಟ್ಟಿ ಬರೆಯಲಿ. ಗೊತ್ತಾಗದ ಹಕ್ಕಿಯನ್ನು ಊಹಿಸಿ ಬರೆಯಬೇಡಿ. "ಬಾತು, ಜಾತಿ ತಿಳಿಯಲಿಲ್ಲ" ಎಂದು ಬರೆಯಲೂ ಅಲ್ಲಿ ಜಾಗವಿದೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ವರ್ಷಗಳ ಹಿಂದೆ ಒಂದು ಗುಂಪನ್ನು ಹತ್ತಿರದಿಂದ ತೋರಿಸುವ ಆಸೆಗೆ ಕೆರೆ ಅಂಗಳಕ್ಕೆ ಇಳಿಸಿದೆ. ಎಂಬತ್ತು ಹೆಜ್ಜೆ ನಡೆದಿರಬಹುದು. ಇಡೀ ಹಿಂಡು ಎದ್ದಿತು. ಆ ರೆಕ್ಕೆ ಸದ್ದಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಬಾತುಗಳು ಎರಡು ಸುತ್ತು ಹಾಕಿ, ಇಳಿಯದೆ ಹೊರಟೇಹೋದವು. ನಾವು ಇನ್ನೆರಡು ಗಂಟೆ ಖಾಲಿ ನೀರು ನೋಡುತ್ತಾ ಕೂತೆವು. ಈ ಹಕ್ಕಿಗಳು ಇಲ್ಲಿಗೆ ಬರುವುದು ತಿಂದು ಮೈ ತುಂಬಿಕೊಳ್ಳಲು. ಮಾರ್ಚಿನಲ್ಲಿ ವಾಪಸ್ ಹೊರಡಲು ಬೇಕಾದ ಕೊಬ್ಬು ಈ ಕೆಸರಿನಿಂದಲೇ ಬರಬೇಕು. ಒಂದೊಂದು ಸಲ ಎಬ್ಬಿಸಿದಾಗಲೂ ಅದರಲ್ಲಿ ಒಂದಿಷ್ಟನ್ನು ನಾವು ಕಿತ್ತುಕೊಂಡ ಹಾಗೆ. ಅಂದಿನಿಂದ ಏರಿ ಬಿಟ್ಟು ಕೆಳಗೆ ಯಾರನ್ನೂ ಇಳಿಸಿಲ್ಲ. ಹಕ್ಕಿಗಳು ಮೇಯುವುದು ನಿಲ್ಲಿಸಿ ಕೊರಳು ಎತ್ತಿ ನಿಮ್ಮತ್ತ ನೋಡಿದರೆ, ಅದೇ ಗಡಿ. ಎರಡು ಹೆಜ್ಜೆ ಹಿಂದೆ ಸರಿದು ಕುಳಿತುಕೊಳ್ಳಿ.

ಡ್ರೋನ್ ಬೇಡ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ.

ಒಂಬತ್ತೂವರೆ ಹತ್ತರ ಹೊತ್ತಿಗೆ ನೀರಿನ ಮೇಲೆ ಬಿಸಿಲ ಝಳ ಕುಣಿಯಲು ಶುರುವಾಗುತ್ತದೆ. ಸ್ಕೋಪಿನಲ್ಲಿ ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಅಲ್ಲಿಗೆ ಕೆರೆ ಮುಗಿಯಿತು. ಕ್ಯಾತ್ಸಂದ್ರದಲ್ಲಿ ಬಿಸಿ ತಟ್ಟೆ ಇಡ್ಲಿ ತಿನ್ನುತ್ತಾ ಪಟ್ಟಿಯನ್ನು ಎಲ್ಲರೂ ಸೇರಿ ಓದಿ. ಯಾರಿಗೆ ಯಾವ ಹಕ್ಕಿ ಕಾಣಲಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಎರಡನೇ ಬೆಳಗ್ಗೆ: ದೇವರಾಯನದುರ್ಗ

ಕೆರೆ, ಕಾಡು, ಹುಲ್ಲುಗಾವಲು ಮೂರನ್ನೂ ಒಂದೇ ದಿನದಲ್ಲಿ ತೋರಿಸುವ ಪ್ರವಾಸಗಳಿವೆ. ಅದರಲ್ಲಿ ಜನ ನೋಡುವುದು ಜಾಸ್ತಿ ರಸ್ತೆಯನ್ನೇ. ಕಾಡನ್ನು ಬೇರೆ ಬೆಳಗ್ಗೆಗೆ ಇಟ್ಟುಕೊಳ್ಳಿ.

ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಚಿರತೆ, ಕರಡಿ ಇರುವ ಕಾಡು, ಆದ್ದರಿಂದ ಕತ್ತಲಲ್ಲಿ ಪೊದೆಗಳ ನಡುವೆ ನಡೆಯುವುದು ಬೇಡ. ಬೆಳಕು ಹರಿದ ಮೇಲೆ ನಾಮದ ಚಿಲುಮೆಯ ಸುತ್ತ, ಬೆಟ್ಟದ ರಸ್ತೆಯ ಅಂಚಿನಲ್ಲಿ ನಿಧಾನಕ್ಕೆ ನಡೆದರೆ ಸಾಕು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸೆಂಟು ಹಾಕಿಕೊಂಡು ಬರಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ತಿಂಡಿಯ ಕವರ್ ಕೈಯಲ್ಲಿದ್ದರೆ ಕೋತಿಗಳು ಬಿಡುವುದಿಲ್ಲ.

ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಮರದ ತುದಿಯಲ್ಲಿ "ಚಿಸ್‌ವಿ" ಎಂದು ಎರಡು ತುಂಡಿನ ದನಿ ಪದೇ ಪದೇ ಕೇಳಿದರೆ ಅದು ಹಸಿರು ಉಲಿಯಕ್ಕಿ. ತೂಕ ಒಂದು ರೂಪಾಯಿಯ ಎರಡು ನಾಣ್ಯಗಳಷ್ಟು. ಅಷ್ಟು ಸಣ್ಣ ಜೀವ ಹಿಮಾಲಯದ ಆಸುಪಾಸಿನಿಂದ, ಅದರಾಚೆಯಿಂದಲೂ ಇಲ್ಲಿಗೆ ಬರುತ್ತದೆ. ನೋಡಲು ಏನೂ ವಿಶೇಷವಿಲ್ಲ, ಮಾಸಲು ಹಸಿರು, ರೆಕ್ಕೆಯ ಮೇಲೊಂದು ತೆಳು ಗೆರೆ. ಆದರೆ ದನಿ ಒಮ್ಮೆ ತಿಳಿದರೆ, ಆಮೇಲೆ ನಿಮ್ಮ ಬೀದಿಯ ಹೊಂಗೆ ಮರದಲ್ಲೂ ಅದು ಇತ್ತು ಎಂಬುದು ಗೊತ್ತಾಗುತ್ತದೆ. ಬೂದು ಕಾಜಾಣ, ನೊಣಹಿಡುಕಗಳು, ರಿಬ್ಬನ್ನಿನಂತೆ ಬಿಳಿ ಬಾಲ ಇಳಿಬಿಟ್ಟ ರಾಜಹಕ್ಕಿ, ಇವೂ ಚಳಿಗಾಲದಲ್ಲಿ ಸಿಗುತ್ತವೆ. ನೆರಳಿರುವ ಹಳ್ಳದ ಹತ್ತಿರ ಅರ್ಧ ಗಂಟೆ ನಿಂತು ನೋಡಿ, ಅವೇ ಬರುತ್ತವೆ.

ಬಂಡೆ ಇರುವ ಇಳಿಜಾರಿನಲ್ಲಿ ಹಳದಿ ಕೊರಳಿನ ಪಿಕಳಾರಕ್ಕೆ ಕಣ್ಣಿಡಿ. ಅದು ವಲಸಿಗನಲ್ಲ, ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ. ದೂರದಿಂದ ಬಂದವರ ನಡುವೆ ಊರಿನವರನ್ನೂ ಪರಿಚಯ ಮಾಡಿಸಬೇಕಲ್ವಾ?

ಬೆಟ್ಟದ ಮೇಲಿಂದ ನೋಡುವಾಗ ಒಂದು ವಿಷಯ ಹೇಳಿ. ಶಿಂಷಾ ಮತ್ತು ಜಯಮಂಗಲಿ ಎರಡೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಇಳಿದು ಮಾರ್ಕೋನಹಳ್ಳಿಯಲ್ಲಿ ನಿಲ್ಲುತ್ತದೆ. ಜಯಮಂಗಲಿ ಉತ್ತರಕ್ಕೆ ಮಧುಗಿರಿಯ ಕಡೆ ಹೋಗುತ್ತದೆ.

ಆ ಸಂಜೆ: ಮೈದನಹಳ್ಳಿ

ಆ ನದಿಯ ಹೆಸರನ್ನೇ ಇಟ್ಟ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇರುವುದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ. 798 ಎಕರೆ ಹುಲ್ಲುಗಾವಲು. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ ಅನುಮತಿ ಪಡೆದು ಹೋಗಿ. ಮಧ್ಯಾಹ್ನ ಮೂರೂವರೆಗೆ ತಲುಪಿದರೆ ಸರಿ.

ಕೃಷ್ಣಮೃಗ ಎಲ್ಲರಿಗೂ ಕಾಣುತ್ತದೆ, ನೀವು ತೋರಿಸಬೇಕಿಲ್ಲ. ನೀವು ಕಾಯಬೇಕಾದದ್ದು ಸೆಳೆವ. ಹುಲ್ಲಿನ ಮೇಲೆ ಒಂದಾಳೆತ್ತರದಲ್ಲಿ, ರೆಕ್ಕೆಯನ್ನು ವಿ ಆಕಾರಕ್ಕೆ ಎತ್ತಿ ಹಿಡಿದು, ತೂಗುತ್ತಾ ಬರುವ ಬೇಟೆ ಹಕ್ಕಿ. ಗಂಡು ಬೂದು, ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ. ಮಿಡತೆ, ಇಲಿ, ನೆಲಗುಬ್ಬಿ ಅದರ ಊಟ. ಇದು ರಾತ್ರಿ ಮರದಲ್ಲಿ ಮಲಗುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತದೆ. ಹಾಗಾಗಿ ಖಾಲಿ ಬಯಲು ಎಂದು ನಾವು ಕರೆಯುವ ಜಾಗ ಅದರ ಹಾಸಿಗೆ. ಹುಲ್ಲಿನೊಳಗೆ ಕಾಲಿಡದೆ ದಾರಿಯ ಮೇಲೇ ನಿಲ್ಲಬೇಕಾದ ಕಾರಣ ಅದು. ಬರುವಾಗ ದಾರಿಯ ತಂತಿಗಳ ಮೇಲೆ ನೀಲಕಂಠ, ಕಳಿಂಗ, ಕಳ್ಳಿಪೀರಗಳನ್ನು ನೋಡಿಕೊಂಡು ಬನ್ನಿ. ನೀಲಕಂಠ ನಮ್ಮ ರಾಜ್ಯದ ಹಕ್ಕಿ.

ಫೆಬ್ರವರಿ ಕೊನೆಗೆ ಹೋಗುವವರು ಮೈದನಹಳ್ಳಿಯ ಬದಲು ಶಿರಾ ಕಡೆಯ ಕಗ್ಗಲಡುವಿಗೆ ಹೋಗಬಹುದು. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುತ್ತವೆ. ಜನ ಓಡಾಡುವ ಬೀದಿಯ ಮೇಲೇ ಗೂಡು. ಊರವರು ಅವನ್ನು ಕಾಯುತ್ತಾ ಬಂದಿದ್ದಾರೆ. ಯಾರ ಮನೆ ಮುಂದೆ ನಿಲ್ಲುತ್ತೀರೋ ಅವರನ್ನು ಮಾತಾಡಿಸಿ, ಆಮೇಲೆ ಕ್ಯಾಮೆರಾ ತೆಗೆಯಿರಿ.

ವಾಪಸ್ ಬಂದ ಮೇಲೆ

ಪಟ್ಟಿಯನ್ನು ಅಂದೇ ರಾತ್ರಿ ಮುಗಿಸಿ ಇ-ಬರ್ಡಿಗೆ ಕಳಿಸಿ. ಮರುದಿನಕ್ಕೆ ಅಂಕಿಗಳು ಮರೆತುಹೋಗುತ್ತವೆ. ಬಲೆ, ಉರುಳು, ಬಂದೂಕು ಹಿಡಿದವರು ಎಲ್ಲಾದರೂ ಕಂಡಿದ್ದರೆ ನೀವೇ ಜಗಳಕ್ಕೆ ಹೋಗಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಕಾಡುಬಾತು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಆ ವಾರದಲ್ಲೇ ಒಮ್ಮೆ ಕೆರೆಗೆ ಹೋಗಿ ನೀರಗಂಟಿಯವರಿಗೂ ಕುರಿ ಕಾಯುವವರಿಗೂ ಎಣಿಕೆ ಹೇಳಿ ಬನ್ನಿ. ಎಷ್ಟು ಸೂಜಿಬಾಲ, ಎಷ್ಟು ಬಿಳಿಹುಬ್ಬು, ಅವು ಎಲ್ಲಿಂದ ಬಂದವು. ಕಂಬಳಿ ಹೊದ್ದ ಆ ಯಜಮಾನರಿಗೆ ನಾನು ಸ್ಕೋಪಿನಲ್ಲಿ ಸೂಜಿಬಾಲ ತೋರಿಸಿದಾಗ ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಕೇಳಿದರು, "ಇಷ್ಟ್ ದೂರದಿಂದ ಬಂದ್ರೂ ನಮ್ ಕೆರೇನೇ ಹೆಂಗ್ ಗುರುತಿಡಿತವೆ ಸಾಮಿ?" ಮುಂದಿನ ಚಳಿಗಾಲದಲ್ಲಿ, ನಾನು ಹೋಗುವ ಮುಂಚೆಯೇ ಅವರ ಮೊಮ್ಮಗನ ಫೋನ್ ಬಂತು. ಉದ್ದ ಬಾಲದವು ಬಂದಿವೆಯಂತೆ, ಹಿನ್ನೀರಿನ ಕಡೆ.